ಸುರಗಿಯ ಬಿಳಿ ಚಿತ್ರಗಳು

ಸ್ಟುಡಿಯೋದ ಬಿಳಿ ಪರದೆಯ ಮೇಲೆ ಆಳೆತ್ತರಕ್ಕೆ ರಕ್ತ ಸಿಡಿದಿತ್ತು. ಅದರ ಬುಡದಲ್ಲಿ ಶಿವರಾಜ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಜಜ್ಜಿಹೋಗಿತ್ತು. ಪಕ್ಕದಲ್ಲೇ ಲೈಟು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು. ಅದರ ತುದಿಗೆ ಕೂದಲು ಅಂಟಿಕೊಂಡಿತ್ತು.

ಇನ್‌ಸ್ಪೆಕ್ಟರ್ ಮಾರ್ತಾಂಡ ಬಿರಾದಾರ ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತ. ಬೆರಳುಗಳನ್ನು ನೋಡಿದ. ಎರಡು ಬೆರಳು ಮುರಿದಿದ್ದವು. ತಲೆಗೆ ಅಡ್ಡ ಹಿಡಿದ ಕೈ ಅದು.

"ಒಂದ ಏಟಿಗೆ ಸತ್ತಿಲ್ಲ," ಅಂದ. "ಬಿದ್ದ ಮ್ಯಾಲೂ ಹೊಡದಾನ ಸೂಳೇಮಗ. ಸಾಯೂತನಾ ಹೊಡದಾನ."

ಹವಾಲ್ದಾರ ಧರ್ಮಣ್ಣ ತಲೆಯಾಡಿಸಿದ. ಆ ಠಾಣೆಯಲ್ಲಿ ಕನ್ನಡ ಮಾತಾಡುವವರು ಇವರಿಬ್ಬರೇ. ಮಾರ್ತಾಂಡ ಜತ್ತ ಕಡೆಯವ, ಧರ್ಮಣ್ಣ ಅಕ್ಕಲಕೋಟೆಯವ. ಉಳಿದವರ ಎದುರು ಮರಾಠಿ, ಬೈಯುವಾಗ ಮಾತ್ರ ಕನ್ನಡ.

2008ರ ಮೇ ತಿಂಗಳು. ಹೊರಗೆ ಹಿಂಜವಾಡಿಯ ರಸ್ತೆ ಕುದಿಯುತ್ತಿತ್ತು. ಕಂಪನಿ ಕ್ಯಾಬುಗಳು ಹಾರ್ನ್ ಬಾರಿಸುತ್ತ ಒಂದರ ಹಿಂದೊಂದು ನಿಂತಿದ್ದವು. ಸ್ಟುಡಿಯೋದ ಮೆಟ್ಟಿಲ ಮೇಲೆ ಶಿವರಾಜನ ಹೆಂಡತಿ ದೀಪಾಲಿ ಕೂತಿದ್ದಳು. ಮಧ್ಯಾಹ್ನದ ಊಟದ ಡಬ್ಬಿ ತಂದವಳು ಅವಳೇ, ಹೆಣ ನೋಡಿದವಳೂ ಅವಳೇ. ಅವಳು ಅಳುತ್ತಿರಲಿಲ್ಲ. ಕಣ್ಣು ಕೆಂಡವಾಗಿತ್ತು.

"ಯಾರ ಮ್ಯಾಲೆ ಸಂಶಯ ಅದವ್ವಾ?"

"ಸಂಶಯ ಯಾಕ್ರಿ, ಗೊತ್ತೇ ಅದ. ಸಂಜು ಅಂತ, ಕ್ಯಾಬ್ ಹೊಡೀತಾನ. ನಿನ್ನಿ ಸಂಜೀಕ ಬಂದು ಈ ಗಾಜು ಒಡದ. ಇವರ ಕಾಲರ್ ಹಿಡದು ಕೊಂದ ಹಾಕ್ತೀನಿ ಅಂದ. ಇಡೀ ಗಲ್ಲಿ ಕೇಳ್ಯದ."

"ಯಾಕ?"

ದೀಪಾಲಿ ಸೆರಗಿನಿಂದ ಕೈ ಒರೆಸಿಕೊಂಡಳು. ಕೈಗೆ ಗಂಡನ ರಕ್ತ ಹತ್ತಿತ್ತು.

"ಅವರವ್ವ ಹುಲಿಗೆವ್ವ ಅಂತ, ರಸ್ತೆ ಕೆಲಸದಾಕಿ. ಭೋರ್ ರಸ್ತೆದಾಗ ಯಾವುದೋ ಗಾಡಿ ಹಾಯ್ದು ಕೊಂದು ಹೋತು. ನಿನ್ನಿ ಗ್ಯಾರೇಜಿನಾಗ ನಮ್ಮ ವ್ಯಾನಿನ ಬಂಪರಿಗೆ ಆಕಿ ಸೀರಿ ಚೂರು ಸಿಕ್ಕದ ಅವಗ."

* * *

ಸಂಜುವನ್ನು ಕ್ಯಾಬ್ ಸ್ಟ್ಯಾಂಡಿನಲ್ಲೇ ಹಿಡಿದರು. ಅವನು ಓಡಲೂ ಇಲ್ಲ, ಕೈ ಎತ್ತಲೂ ಇಲ್ಲ. ಬೆಳಿಗ್ಗೆ ಅವನ ಕ್ಯಾಬು ಸ್ಟುಡಿಯೋದ ಎದುರು ನಿಂತಿದ್ದನ್ನು ಪಾನ್ ಅಂಗಡಿಯವನು ನೋಡಿದ್ದ. ಡಾಕ್ಟರು ಹೆಣ ನೋಡಿ, ಬೆಳಗಿನ ಹೊತ್ತೇ ಸತ್ತಿದ್ದಾನೆ ಅಂದರು. ಇನ್ನೇನು ಬೇಕು?

ಆದರೂ ಶಿವರಾಜನ ಪಾಲುದಾರನನ್ನು ನೋಡಬೇಕಲ್ಲ. ಸುಹಾಸ ಅಂತ. ಕರಾವಳಿಯವನು. ಮನೆಯವರದು ಹಿಂಜವಾಡಿಯಲ್ಲೇ ಹೋಟೆಲು. ಅವನು ಬೆಳಗಿನಿಂದ ದೇಹೂ ರೋಡಿನ ಒಂದು ಮಂಗಲ ಕಾರ್ಯಾಲಯದಲ್ಲಿ ಮದುವೆಯ ಫೋಟೋ ತೆಗೆಯುತ್ತಿದ್ದ.

ಮಾರ್ತಾಂಡ ಹೋದಾಗ ಅಕ್ಷತೆ ಮುಗಿದು ಊಟದ ಪಂಕ್ತಿ ನಡೆದಿತ್ತು. ಸುಹಾಸ ಸ್ಟುಡಿಯೋದ ಹೆಸರಿದ್ದ ಕರಿ ಜಾಕೀಟು, ಕರಿ ಟೋಪಿ ಹಾಕಿಕೊಂಡು ಮದುಮಕ್ಕಳ ಎದುರು ಕ್ಯಾಮೆರಾ ಹಿಡಿದು ನಿಂತಿದ್ದ. ಸುದ್ದಿ ಕೇಳಿ ಕುರ್ಚಿಯ ಮೇಲೆ ಕುಸಿದ.

"ಎಂತ ಹೇಳ್ತೀರಿ ಸರ್? ಶಿವು? ನಿನ್ನೆಯೇ ಹೇಳಿದೆ ನಾನು, ಪೊಲೀಸಿಗೆ ಹೋಗುವ ಮಾರಾಯ ಅಂತ. ಕೇಳಬೇಕಲ್ಲ ಅವ!"

"ಭೋರ್ ರಸ್ತೆದಾಗ ವ್ಯಾನ್ ಯಾರು ಹೊಡೀತಿದ್ರು?"

ಸುಹಾಸ ತಲೆ ತಗ್ಗಿಸಿದ. "ಸತ್ತವನ ಮೇಲೆ ಹೇಳಬಾರದು. ಶಿವುವೇ. ನಾನು ಆ ದಿವಸ ಹೋಟೆಲಲ್ಲಿದ್ದೆ."

ಮದುಮಗಳ ತಂದೆ ಈರಬಸಪ್ಪ ಓಡೋಡಿ ಬಂದ. ಬಟ್ಟೆ ವ್ಯಾಪಾರಿ. ಮದುವೆ ಮನೆಗೆ ಪೊಲೀಸರು ಬಂದದ್ದಕ್ಕೆ ಮುಖ ಹುಳ್ಳಗಾಗಿತ್ತು. "ಸಾಹೇಬ್ರ, ಫೋಟೋದವರು ಮುಂಜಾನಿಂದ ಇಲ್ಲೇ ಅದಾರ್ರಿ. ಒಂದ ಕ್ಷಣ ಕದಲಿಲ್ಲ. ನನ್ನ ಆಣಿ."

"ಬೇಕಾದ್ರೆ ಕ್ಯಾಮೆರಾವೇ ತಕೊಳ್ಳಿ ಸರ್," ಅಂದ ಸುಹಾಸ. "ಬೆಳಿಗ್ಗೆಯಿಂದ ತೆಗೆದದ್ದೆಲ್ಲ ಇದರಲ್ಲೇ ಉಂಟು. ಪ್ರತಿ ಫೋಟೋದ ಟೈಮ್ ಕೂಡ ಬರ್ತದೆ."

ಮಾರ್ತಾಂಡ ಕ್ಯಾಮೆರಾ ಇಸಕೊಂಡ. ಕೇಳುವ ಮೊದಲೇ ಕೊಡುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಆದರೆ ಅದಕ್ಕಾಗಿ ಯಾರನ್ನೂ ಜೈಲಿಗೆ ಹಾಕಲಿಕ್ಕೆ ಬರುವುದಿಲ್ಲವಲ್ಲ.

* * *

ಲಾಕಪ್ಪಿನಲ್ಲಿ ಸಂಜುವಿನ ಅಂಗಿ ಬಿಚ್ಚಿಸಿದ್ದರು. ಮಾರ್ತಾಂಡ ಬೆಲ್ಟಿನಿಂದ ಹೊಡೆದ. ಬೆನ್ನಿನ ಮೇಲೆ ಬಾಸುಂಡೆ ಎದ್ದವು. ಸಂಜು ಗೋಡೆಗೆ ಹಣೆ ಒತ್ತಿ ನಿಂತ.

"ಬೊಗಳು. ಮುಂಜಾನಿ ಯಾಕ ಹೋಗಿದ್ದಿ?"

"ಅವರ ಕರದಿದ್ರು, ಸಾಹೇಬ್ರ."

"ನಿನ್ನ ಕೈಯಾಗ ಸಾಯಾಕ ಕರದಿದ್ನೇನು?"

"ನಿನ್ನಿ ಗಾಜು ಒಡದ ಮ್ಯಾಲೆ ಕುಂತು ಅತ್ತರ್ರಿ ಅವರು. ಗಾಡಿ ಹೊಡದಾಂವ ನಾನಲ್ಲ, ಬಾಜೂಕ ಕುಂತಿದ್ದೆ, ನಾಳಿ ಬಾ, ಇಬ್ಬರೂ ಕೂಡಿ ಪೊಲೀಸ್ ಠಾಣೆಗೆ ಹೋಗೂಣು, ಅಲ್ಲೇ ಹೆಸರು ಹೇಳ್ತೀನಿ ಅಂದ್ರು. ಮುಂಜಾನಿ ಹೋದೆ. ಶಟರ್ ಮುಚ್ಚಿತ್ತು. ಬಡದೆ, ತಗೀಲಿಲ್ಲ. ಹೊಳ್ಳಿ ಹೋದೆ."

"ಕಥಿ ಹೇಳ್ತಿಯೇನಲೇ!"

ಮಾರ್ತಾಂಡ ಈ ಸಲ ಬೆಲ್ಟು ಬಿಟ್ಟು ಕೈಯಿಂದ ಹೊಡೆದ. ಸಂಜು ತಿರುಗಿ ಬಿದ್ದ. ಬಾಯಿಂದ ರಕ್ತ ಉಗುಳಿದ.

"ಕೊಲ್ರಿ," ಅಂದ. "ಆದ್ರ ಅವರನ್ನ ನಾ ಯಾಕ ಕೊಲ್ಲಲಿ? ಅವರು ಸತ್ರ ನಮ್ಮವ್ವನ್ನ ಕೊಂದಾಂವ ಯಾರಂತ ನನಗ ಹೇಳಾವ್ರ್ಯಾರು?"

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಧರ್ಮಣ್ಣ ಬಾಗಿಲಿನಿಂದ ಇಣುಕಿ, ದೊಡ್ಡ ಸಾಹೇಬರ ಫೋನು ಅಂದ. ದೊಡ್ಡ ಸಾಹೇಬರದು ಒಂದೇ ಮಾತು. ನಾಳೆ ಮಧ್ಯಾಹ್ನ ಡ್ರೈವರನನ್ನು ಕೋರ್ಟಿಗೆ ಹಾಜರು ಮಾಡಬೇಕು, ಕೊಲೆ ಕೇಸು ಹಾಕಬೇಕು, ಪೇಪರಿನವರಿಗೆ ಫೋಟೋ ಕೊಡಬೇಕು.

ಮಾರ್ತಾಂಡ ಫೋನು ಕುಕ್ಕಿದ. ಕೇಸು ಹಾಕಿದರೆ ಆ ಡ್ರೈವರ ಹೊರಗೆ ಬರುವುದಿಲ್ಲ. ಸತ್ತವನೇ ಗಾಡಿ ಓಡಿಸಿದ ಅಂತಾಗಿ ಹುಲಿಗೆವ್ವನ ಕೇಸೂ ಮುಚ್ಚಿಹೋಗುತ್ತದೆ. ಇದರಿಂದ ಯಾರಿಗೆ ಲಾಭ? ಒಬ್ಬನಿಗೇ.

"ಧರ್ಮಣ್ಣ, ಆ ಕ್ಯಾಮೆರಾದ ಗಡಿಯಾರ ಹಿಂದ ಮುಂದ ಮಾಡಿರಬೇಕು. ಫೋಟೋದ ಟೈಮೆಲ್ಲಾ ಸುಳ್ಳು."

ಧರ್ಮಣ್ಣ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದ. ಕಾರ್ಯಾಲಯದ ವೇದಿಕೆಯ ಮೇಲೊಂದು ಗೋಡೆ ಗಡಿಯಾರವಿತ್ತು. ಫೋಟೋಗಳಲ್ಲಿ ಅದೂ ಬಂದಿತ್ತು. ಆ ಗಡಿಯಾರ ಒಂದು ಹೇಳಿದರೆ ಕ್ಯಾಮೆರಾವೂ ಅದನ್ನೇ ಹೇಳುತ್ತಿತ್ತು. ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ. ಬೆಳಗಿನಿಂದ ಅಕ್ಷತೆಯವರೆಗೆ ಫೋಟೋಗಳ ಸಾಲು ಎಲ್ಲೂ ತುಂಡಾಗಿರಲಿಲ್ಲ.

"ಸುಹಾಸ ಅಲ್ಲೇ ಇದ್ದನ್ರಿ," ಅಂದ ಧರ್ಮಣ್ಣ.

"ಕ್ಯಾಮೆರಾ ಅಲ್ಲಿತ್ತು," ಅಂದ ಮಾರ್ತಾಂಡ. ಆದರೆ ಆ ಮಾತನ್ನು ಎಲ್ಲಿಗೆ ಒಯ್ಯಬೇಕೆಂದು ಅವನಿಗೂ ತಿಳಿಯಲಿಲ್ಲ.

* * *

ಮರುದಿನ ಬೆಳಿಗ್ಗೆ ದೀಪಾಲಿ ಹೆಣ ಕೇಳಲಿಕ್ಕೆ ಠಾಣೆಗೆ ಬಂದಳು. ಮಾರ್ತಾಂಡ ಕುರ್ಚಿ ಕೊಟ್ಟ, ಚಹಾ ತರಿಸಿದ. ಅವಳು ಚಹಾ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಕ್ಯಾಮೆರಾ ನೋಡಿ ಸಟ್ಟನೆ ಮುಖ ತಿರುಗಿಸಿದಳು.

"ನೀವ ಸ್ಟುಡಿಯೋದಾಗ ಅಲ್ಬಮ್ ಮಾಡ್ತೀರಂತಲ್ಲವ್ವಾ?"

"ಹೌದ್ರಿ. ಫೋಟೋ ಎಲ್ಲಾ ನನ್ನ ಕೈಮ್ಯಾಲೇ ಹೋಗ್ತಾವು."

"ಹಂಗಾದ್ರ ಇವು ಯಾಕ ಹಿಂಗಾಗ್ಯಾವ ನೋಡ್ರಿ."

ಮದುವೆಯ ಫೋಟೋಗಳಲ್ಲಿ ಒಂದು ಕಂತೆ ಪೂರ್ತಿ ಬೆಳ್ಳಗಿತ್ತು. ಸುಣ್ಣ ಬಳಿದ ಹಾಗೆ. ಕಣ್ಣು ಕಿರಿದು ಮಾಡಿ ನೋಡಿದರೆ ನಾಲ್ಕು ಮೂಲೆಗೆ ತಂಬಿಗೆ, ಸುತ್ತ ಬಿಳಿ ನೂಲು, ನಡುವೆ ತಾಯಿಯ ಜೊತೆ ಕೂತ ಮದುಮಗಳು, ನೀರು ಹಾಕುವ ಹೆಂಗಸರು. ಬರೀ ನೆರಳಿನಂತೆ ಕಾಣುತ್ತಿದ್ದರು.

"ಸುರಗಿ ಫೋಟೋ ಇವು," ಅಂದಳು ದೀಪಾಲಿ. "ಅಯ್ಯ, ಒಂದರಾಗೂ ಮಾರಿ ಕಾಣವಲ್ದು! ಇದಕ್ಕ ಯಾರರೆ ರೊಕ್ಕ ಕೊಡ್ತಾರೇನು?"

"ಕ್ಯಾಮೆರಾ ಕೆಟ್ಟಿತ್ತೇನು?"

"ಮುಂದಿನವು ಛಂದ ಬಂದಾವಲ್ರಿ." ಅವಳು ಕಂಪ್ಯೂಟರಿನ ಹತ್ತಿರ ಕುರ್ಚಿ ಎಳೆದುಕೊಂಡಳು. ಒಂದೊಂದೇ ಫೋಟೋದ ವಿವರ ತೆಗೆದಳು. ಎಷ್ಟು ಬೆಳಕು, ಎಷ್ಟು ವೇಗ, ಎಲ್ಲ ಅಂಕಿಗಳು. ನೋಡುನೋಡುತ್ತ ಅವಳ ಹುಬ್ಬು ಗಂಟಿಕ್ಕಿತು.

"ಮುಂಜಾನಿ ತಗದದ್ದರಾಗ ಪ್ರತಿ ಸಲಾ ಅಂಕಿ ಬ್ಯಾರೆ. ಬೆಳಕು ನೋಡಿ ಬದಲಿ ಮಾಡ್ಯಾರ. ಅಕ್ಷತಿ ಫೋಟೋದಾಗೂ ಬ್ಯಾರೆ. ನಡುವ ಮಾತ್ರ ಎಲ್ಲಾ ಒಂದ. ಕಾರ್ಯಾಲಯದ ಹಾಲಿನಾಗೂ ಅದೇ, ಹೊರಗ ಅಂಗಳದಾಗೂ ಅದೇ. ಬಿಸಿಲಿಗೆ ಬಂದ್ರೂ ಬದಲಿ ಮಾಡಿಲ್ಲ." ಅವಳು ಪರದೆಯ ಮೇಲೆ ಬೆರಳಿಟ್ಟಳು. "ಈ ಎರಡು ನೋಡ್ರಿ, ಇವು ಬರೋಬ್ಬರಿ ಬಂದಾವು. ಹೆಬ್ಬಟ್ಟು ತಾಗಿ ಹಿಂದಿನ ಅಂಕಿ ಚಕ್ರ ತಿರುಗ್ಯದ. ಆಮ್ಯಾಲೆ ಕ್ಯಾಮೆರಾ ಆಫ್ ಆಗಿ ಆನ್ ಆಗ್ಯದ, ಮತ್ತ ಬೆಳ್ಳಗ. ಉಳಿಸಿಟ್ಟಿದ್ದಕ್ಕ ಹೊಳ್ಳಿ ಹೋಗ್ಯದ."

"ಏನು ಉಳಿಸಿಟ್ಟಿದ್ದು? ತಿಳಿಯೂ ಹಂಗ ಹೇಳ್ರಿ."

ದೀಪಾಲಿ ಕ್ಯಾಮೆರಾ ಕೈಗೆತ್ತಿಕೊಂಡಳು. ಮೇಲಿನ ಗುಂಡಿಯಾಕಾರದ ಚಕ್ರ ತೋರಿಸಿದಳು. ಅದರ ಮೇಲೆ ಸಿ ಒಂದು, ಸಿ ಎರಡು, ಸಿ ಮೂರು ಅಂತ ಗುರುತಿದ್ದವು.

"ಒಂದ ಸಲ ಎಲ್ಲಾ ಹೊಂದಿಸಿ ಇದರಾಗ ಉಳಿಸಿಡಬೇಕ್ರಿ. ಆಮ್ಯಾಲೆ ಚಕ್ರ ಇಲ್ಲಿಗೆ ತಿರುವಿದ್ರ ಸಾಕು, ಕ್ಯಾಮೆರಾ ತಾನ ಹಂಗ ಆಗ್ತದ. ಒಂದು ಇವರದು. ಎರಡು ಸುಹಾಸನದು. ಮೂರು..." ಅವಳು ಆ ಗುರುತಿನ ಮೇಲೆ ಹೆಬ್ಬೆರಳಿಟ್ಟಳು. "ಮೂರು ನಂದು. ನನಗ ಈ ಅಂಕಿ ಆಟ ಬರೂದಿಲ್ಲ. ಮಾಳಿಗಿ ಮ್ಯಾಲಿನ ಹೂವಿನ ಫೋಟೋ ತಗೀಲಿಕ್ಕೆ, ಬಿಸಿಲಿಗೆ ಹೊಂದಿಸಿ ಇವರ ಉಳಿಸಿಕೊಟ್ಟಿದ್ರು. ನೀ ಬರೀ ಗುಂಡಿ ಒತ್ತು ಅಂದಿದ್ರು."

ಚಕ್ರವನ್ನು ಸಿ ಮೂರಕ್ಕೆ ತಿರುಗಿಸಿದಳು. ಅಂಕಿಗಳನ್ನು ನೋಡಿದಳು. ಬೆಳ್ಳಗಿನ ಫೋಟೋಗಳ ಅಂಕಿಗಳನ್ನು ನೋಡಿದಳು. ಎರಡೂ ಒಂದೇ.

"ಇದು ನಂದಲ್ಲ!" ಕುರ್ಚಿ ಹಿಂದಕ್ಕೆ ಬಿದ್ದಿತು. "ಇದು ಕತ್ತಲಿ ಹಾಲಿಗೆ ಹೊಂದಿಸಿದ್ದು. ನಂದು ಅಳಿಸ್ಯಾನ ಭಾಡ್ಯಾ! ಅವಗ ಎರಡನೇದು ಇತ್ತಲ್ಲ, ನಂದ್ಯಾಕ ಮುಟ್ಟಿದ?"

ಮಾರ್ತಾಂಡ ಆಗಲೇ ಟೋಪಿ ಹಾಕಿಕೊಂಡಿದ್ದ.

"ಧರ್ಮಣ್ಣ, ಈರಬಸಪ್ಪಗ ಫೋನ್ ಹಚ್ಚು. ಸುರಗಿ ಹೊತ್ತಿನಾಗ ಫೋಟೋದವನ ಮಾರಿ ನೋಡಿದ್ನೇನು ಕೇಳು. ಟೋಪಿ ಅಲ್ಲ, ಜಾಕೀಟಲ್ಲ, ಮಾರಿ."

ಧರ್ಮಣ್ಣ ಫೋನಿಟ್ಟು ಬಂದ. "ಬೈದಾನ್ರಿ. ಮಗಳ ಮದವಿ ಬಿಟ್ಟು ಫೋಟೋದವನ ಮಾರಿ ಯಾರು ನೋಡ್ತಾರಂತ. ಕ್ಯಾಮೆರಾ ಇತ್ತು, ಟೋಪಿ ಇತ್ತು, ಅಷ್ಟ ಅಂತ."

* * *

ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಗದ್ದಲ ಇನ್ನೂ ಮುಗಿದಿರಲಿಲ್ಲ. ಗಲ್ಲಾದಲ್ಲಿ ಸುಹಾಸನ ತಮ್ಮ ಹರ್ಷಾ ಕೂತಿದ್ದ. ಮೀಸೆ ಬಿಟ್ಟ, ಅಣ್ಣನಷ್ಟೇ ಎತ್ತರದ ಆಳು. ಪೊಲೀಸರನ್ನು ಕಂಡು ಎದ್ದು ನಿಂತ. ಅಡಿಗೆಮನೆಯ ಬಾಗಿಲಲ್ಲಿ ಸುಹಾಸ ಕಾಣಿಸಿಕೊಂಡ.

"ಬನ್ನಿ ಸರ್, ಕಾಫಿ ತಕೊಳ್ಳಿ. ಆ ಡ್ರೈವರ್ ಒಪ್ಪಿಕೊಂಡನಾ?"

"ಒಪ್ಪಿಸಾಕ ಬಂದೀನಿ." ಮಾರ್ತಾಂಡ ಕ್ಯಾಮೆರಾವನ್ನು ಹರ್ಷಾನ ಕೈಗೆ ತುರುಕಿದ. "ಏ, ನನ್ನದೊಂದು ಫೋಟೋ ತಗೀ."

"ನನಗೆ ಫೋಟೋ ತೆಗೀಲಿಕ್ಕೆ ಬರುದಿಲ್ಲ ಸರ್."

"ಬರದಿದ್ರೂ ತಗೀ!"

ಮಾರ್ತಾಂಡ ಹೊರಗಿನ ಬಿಸಿಲಿಗೆ ಹೋಗಿ ನಿಂತ. ಕ್ಯಾಮೆರಾದ ಚಕ್ರವನ್ನು ಬೇಕೆಂದೇ ಹಸಿರು ಗುರುತಿನ ಮೇಲೆ ಇಟ್ಟಿದ್ದ. ಗುಂಡಿ ಒತ್ತಿದರೆ ಕ್ಯಾಮೆರಾ ತಾನೇ ಎಲ್ಲ ಮಾಡಿಕೊಳ್ಳುವ ಗುರುತು ಅದು. ಹರ್ಷಾ ಕ್ಯಾಮೆರಾದ ನೆತ್ತಿ ನೋಡಿದ. ಹೆಬ್ಬೆರಳಿನಿಂದ ಚಕ್ರ ತಿರುಗಿಸಿದ. ಸಿ ಮೂರಕ್ಕೆ ಬಂದಾಗ ನಿಲ್ಲಿಸಿ, ಕಣ್ಣಿಗೆ ಹಿಡಿದು, ಗುಂಡಿ ಒತ್ತಿದ.

"ಹರ್ಷಾ!" ಸುಹಾಸ ಕಿರುಚಿದ.

ಮಾರ್ತಾಂಡ ಕ್ಯಾಮೆರಾ ಕಸಿದು ನೋಡಿದ. ಪರದೆ ಪೂರ್ತಿ ಬೆಳ್ಳಗಿತ್ತು. ಅದರೊಳಗೆ ನೆರಳಿನಂಥ ಒಬ್ಬ ಇನ್‌ಸ್ಪೆಕ್ಟರು.

"ಅಲ್ಲಿಗೇ ಯಾಕ ತಿರುವಿದ್ಯಲೇ? ಯಾರು ಕಲಿಸಿದ್ರು?"

ಹರ್ಷಾನ ತುಟಿ ಅಲುಗಿತು. ಮಾತು ಹೊರಡುವ ಮೊದಲೇ ಸುಹಾಸ ಒಲೆಯ ಮೇಲಿನ ಸಾಂಬಾರಿನ ಪಾತ್ರೆ ಎತ್ತಿ ಎಸೆದ. ಕುದಿಯುವ ಸಾಂಬಾರು ಮಾರ್ತಾಂಡನ ಎಡತೋಳಿನ ಮೇಲೆ ಬಿತ್ತು. ತೊಗಲು ಸುಲಿದಂತಾಯಿತು. ಗಿರಾಕಿಗಳು ಚೀರಿ ಟೇಬಲ್ಲುಗಳ ಕೆಳಗೆ ನುಗ್ಗಿದರು. ಸುಹಾಸ ದೋಸೆ ಕಾವಲಿಯ ಕಬ್ಬಿಣದ ಸಟ್ಟುಗ ಹಿಡಿದು ಹಿಂದಿನ ಬಾಗಿಲಿಗೆ ಓಡಿದ. ಅಡ್ಡ ಬಂದ ಧರ್ಮಣ್ಣನ ಕೆನ್ನೆ ಸೀಳಿತು.

ಮಾರ್ತಾಂಡ ಬೆಂದ ಕೈಯಿಂದಲೇ ಅವನ ಜುಟ್ಟು ಹಿಡಿದ. ರುಬ್ಬುವ ಕಲ್ಲಿನ ಅಂಚಿಗೆ ಮುಖ ಅಪ್ಪಳಿಸಿದ. ಹಲ್ಲು ಉದುರಿದ ಸದ್ದು ಗಲ್ಲಾದವರೆಗೂ ಕೇಳಿಸಿತು. ಸಟ್ಟುಗ ನೆಲಕ್ಕೆ ಬಿತ್ತು.

"ಹೊಡೀಬೇಡಿ ಸರ್!" ಹರ್ಷಾ ನೆಲಕ್ಕೆ ಕೂತು ಅಳತೊಡಗಿದ. "ನನಗೆ ಗೊತ್ತಿರಲಿಲ್ಲ ಸರ್, ದೇವರಾಣೆ! ಸಣ್ಣ ಕೆಲಸ ಉಂಟು, ಬೈಕಲ್ಲಿ ಹೋಗಿ ಬರ್ತೇನೆ, ಅಷ್ಟರವರೆಗೆ ಜಾಕೀಟು ಹಾಕಿಕೊಂಡು ಗುಂಡಿ ಒತ್ತುತ್ತಾ ಇರು ಅಂದ ಅಣ್ಣ. ಚಕ್ರ ಈ ಗುರುತಿನಿಂದ ಅಲುಗಿದರೆ ಮತ್ತೆ ಇಲ್ಲಿಗೇ ತಿರುಗಿಸು, ಬೇರೆ ಎಂತದೂ ಮುಟ್ಟಬೇಡ ಅಂದ. ಸಂಜೆ ಶಿವಣ್ಣ ಸತ್ತದ್ದು ಕೇಳಿದ ಮೇಲೆ ಗೊತ್ತಾಯ್ತು. ಹೇಳಿದ್ರೆ ನಿನ್ನನ್ನೂ ಗಲ್ಲಿಗೆ ಹಾಕ್ತಾರೆ ಅಂತ ಹೆದರಿಸಿದ."

ಧರ್ಮಣ್ಣ ಕೆನ್ನೆಗೆ ಟವೆಲ್ಲು ಒತ್ತಿಕೊಂಡು ಬೇಡಿ ಹಾಕಿದ. ಮಾರ್ತಾಂಡ ನಲ್ಲಿಯ ಕೆಳಗೆ ತೋಳು ಹಿಡಿದುಕೊಂಡೇ ಮಾತಾಡಿದ.

"ಕೇಳಲೇ. ಫೋಟೋ ತಗಿಯಾಂವ ನೀನ ಆಗಿದ್ರ ನಿನಗ ಆ ಮೂರನೇದು ಬೇಕಿರಲಿಲ್ಲ. ಮುಂಜಾನಿಂದ ಕೈಯಿಂದ ಹೊಂದಿಸಿ ಹೊಂದಿಸಿ ತಗದಾಂವ ನೀ. ಎಲ್ಲಾ ಕಟ್ಟಿ ಉಳಿಸಿ ಇಡೂದು ಏನೂ ಗೊತ್ತಿಲ್ಲದವರ ಸಲುವಾಗಿ. ಶಿವರಾಜ ಹೆಂಡತಿ ಸಲುವಾಗಿ ಇಟ್ಟಿದ್ದ. ನೀ ತಮ್ಮನ ಸಲುವಾಗಿ ಇಟ್ಟಿ. ಅಕ್ಷತಿತನಾ ಎಲ್ಲಾ ಹಾಲಿನಾಗ ನಡೀತದ ಅಂತ ತಿಳಕೊಂಡಿ, ಹೌದಲ್ಲೋ?"

ಸುಹಾಸ ರಕ್ತ ಉಗುಳಿದ. "ನಮ್ಮಲ್ಲಿ ಎಲ್ಲ ಹಾಲ್ ಒಳಗೇ ಆಗ್ತದೆ."

"ನಮ್ಮಲ್ಲಿ ಸುರಗಿ ಅಂಗಳದಾಗ. ನೀರು ಹಾಕೂ ಕೆಲಸ, ಹಾಲಿನಾಗ ಮಾಡ್ತಾರೇನು? ಇಂಥಾ ಮದವಿ ಎಲ್ಲಾ ಶಿವರಾಜ ನೋಡ್ತಿದ್ದ, ನೀ ಕಂಪನಿಯವರ ಫಂಕ್ಷನ್ ಬಿಟ್ಟು ಹೊರಗ ಬಂದಾಂವಲ್ಲ. ನಿನ್ನ ತಮ್ಮ ಕತ್ತಲಿಗೆ ಹೊಂದಿಸಿದ ಕ್ಯಾಮೆರಾ ಹಿಡಕೊಂಡು ಮೇ ತಿಂಗಳ ಬಿಸಿಲಿಗೆ ಬಂದ. ಎಲ್ಲಾ ಬೆಳ್ಳಗಾತು. ನೀ ತಿರುಗಿ ಬಂದು ಅವಸರದಾಗ ಅಕ್ಷತಿ ಹಿಡದಿ. ನಡುವಿನವು ತಗದು ನೋಡಾಕ ನಿನಗ ಪುರಸೊತ್ತ ಸಿಗಲಿಲ್ಲ. ಅಷ್ಟರಾಗ ನಾ ಬಂದೆ. ನೀನ ಕೈಯಾರೆ ಕ್ಯಾಮೆರಾ ಕೊಟ್ಟಿ."

"ಶಿವು ಸುಮ್ಮನಿದ್ದಿದ್ರೆ ಸಾಕಿತ್ತು," ಅಂದ ಸುಹಾಸ. ಮುರಿದ ಹಲ್ಲಿನ ನಡುವೆ ಮಾತು ಸಿಳ್ಳೆ ಹೊಡೆಯುತ್ತಿತ್ತು. "ವ್ಯಾನ್ ಓಡಿಸಿದ್ದು ನಾನು ಅಂತ ಹೇಳ್ಲಿಕ್ಕೆ ಹೊರಟ. ಎಷ್ಟು ಬೇಡಿಕೊಂಡೆ. ಕಾಲು ಹಿಡಿದೆ. ಆ ಮುದುಕಿಗಾಗಿ ನನ್ನನ್ನು ಜೈಲಿಗೆ ಕಳಿಸ್ತೀಯಾ ಅಂದೆ. ಹೌದು ಅಂದ."

* * *

ಮಧ್ಯಾಹ್ನ ಕೋರ್ಟಿಗೆ ಹೋದವನು ಸುಹಾಸ. ಹೋಗುವ ಮೊದಲು ಸಂಜುವನ್ನು ಲಾಕಪ್ಪಿನಿಂದ ಹೊರಗೆ ತಂದರು. ಅವನಿಗೆ ನೆಟ್ಟಗೆ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದೀಪಾಲಿ ಬಾಗಿಲ ಹತ್ತಿರ ನಿಂತಿದ್ದಳು. ಅವನನ್ನು ನೋಡಿ ಸೆರಗು ಕಚ್ಚಿಕೊಂಡಳು.

ಸಂಜು ಸುಹಾಸನ ಎದುರಿಗೆ ಬಂದು ನಿಂತ.

"ನಮ್ಮವ್ವ ಬಿದ್ದಾಗ ಜೀವ ಇತ್ತೇನು?"

ಸುಹಾಸ ನೆಲ ನೋಡಿದ.

"ಕೇಳಾಕತ್ತೀನಿ! ಜೀವ ಇತ್ತೇನು?"

"ಕೈ ಎತ್ತಿದ್ರು. ಶಿವು ಗಾಡಿ ನಿಲ್ಲಿಸು ಅಂದ. ನಾನು ನಿಲ್ಲಿಸಲಿಲ್ಲ."

ಸಂಜುವಿನ ಎರಡೂ ಕೈ ಸುಹಾಸನ ಕುತ್ತಿಗೆಗೆ ಹೋದವು. ಬೇಡಿ ಹಾಕಿದ ಸುಹಾಸ ಗೋಡೆಗೆ ಬಡಿದು ಕೆಳಗೆ ಜಾರಿದ. ಕಣ್ಣು ಹೊರಗೆ ಬಂತು. ಪೇದೆಗಳು ಎಳೆದರೂ ಆ ಬೆರಳು ಬಿಡಲಿಲ್ಲ. ಕೊನೆಗೆ ಮಾರ್ತಾಂಡ ಪಟ್ಟಿ ಕಟ್ಟಿದ ತೋಳಿನಿಂದಲೇ ಅವನ ಎದೆ ಬಳಸಿ ಹಿಂದಕ್ಕೆ ಕಿತ್ತ.

"ಬಿಡೋ! ಹುಚ್ಚನಂಗ ಮಾಡಬ್ಯಾಡ. ಬೇಡಿ ಹಾಕಿದಾಂವನ್ನ ಹೊಡದ್ರ ನಿನ್ನ ಮ್ಯಾಲೆ ಕೇಸ್ ಆಗ್ತದ."

ಸಂಜು ತಿರುಗಿ ಅವನ ಮುಖ ನೋಡಿದ. ಉಸಿರು ಭುಸುಗುಡುತ್ತಿತ್ತು. ಒಡೆದ ತುಟಿಯಿಂದ ಮತ್ತೆ ರಕ್ತ ಇಳಿಯಿತು.

"ನೀವು ನನ್ನ ಹೊಡದ್ರಲ್ಲಾ ಸಾಹೇಬ್ರ. ಅದು ಆಗೂದಿಲ್ಲೇನ್ರಿ?"

ಮಾರ್ತಾಂಡನ ಮುಖಕ್ಕೆ ರಕ್ತ ನುಗ್ಗಿತು. ಬಲಗೈ ಮುಷ್ಟಿಯಾಯಿತು. ಆ ಠಾಣೆಯಲ್ಲಿ ಅವನಿಗೆ ಎದುರು ಮಾತಾಡಿದವರು ಆವತ್ತಿನವರೆಗೆ ಯಾರೂ ಇರಲಿಲ್ಲ.

ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು.

"ಆಗ್ತದ," ಅಂದ.

ಕುರ್ಚಿ ಎಳೆದು ಸಂಜುವನ್ನು ಕೂರಿಸಿದ. "ಧರ್ಮಣ್ಣ, ಕಾಗದ ತಗೋ. ಇವನ ಬೆನ್ನು ಡಾಕ್ಟರಿಗೆ ತೋರಸು, ಏನೇನು ಆಗ್ಯದ ಎಲ್ಲಾ ಬರಸು. ಆಮ್ಯಾಲೆ ಇವ ಹೇಳಿದಂಗ ಬರಕೋ. ಹೊಡದಾಂವನ ಹೆಸರು ಬಂದಾಗ ಅಳುಕಬ್ಯಾಡ, ಪೂರ್ತಿ ಹೆಸರು ಬರಿ."